ನಾಲ್ಕು ತಾಲ್ಲೂಕು, ಐದು ಆಟ

ಇಂಡಿ ಎಂದರೆ ಲಿಂಬೆ. ಬಸವನ ಬಾಗೇವಾಡಿ ಎಂದರೆ ಬಸವಣ್ಣ. ಮುದ್ದೇಬಿಹಾಳ ಎಂದರೆ, ಇತಿಹಾಸ ಓದಿದವರಿಗೆ, 1565ರ ಯುದ್ಧದ ಜೊತೆ ಹೆಸರು ತಳುಕು ಹಾಕಿಕೊಂಡಿರುವ ರಕ್ಕಸಗಿ ಮತ್ತು ತಂಗಡಗಿ. ಸಿಂದಗಿ ಎಂದರೆ ಎರೆ ಹೊಲ, ಜೋಳ, ತೊಗರಿ, ನೆತ್ತಿ ಸುಡುವ ಬಿಸಿಲು. ವಿಜಯಪುರ ಜಿಲ್ಲೆಯ ಈ ನಾಲ್ಕು ಊರುಗಳನ್ನು ಜನ ಹೀಗೆ ಗುರುತಿಸುತ್ತಾರೆ. ಆದರೆ ಇದೇ ಸೀಮೆಯ ರಸ್ತೆಗಳಲ್ಲಿ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಟಿಕೆಟ್ ಹರಿದು 2023ರಲ್ಲಿ ನಿವೃತ್ತರಾದ ಒಬ್ಬ ಬಸ್ ಕಂಡಕ್ಟರರಿಗೆ ಇವು ಬೇರೆಯೇ ಗುರುತಿನ ಊರುಗಳು. ಸಿಂದಗಿ ಹುಲಿ-ಕುರಿಯ ಊರು. ಮುದ್ದೇಬಿಹಾಳ ಅಳಗುಳಿಯ ಊರು. ಬಾಗೇವಾಡಿಗೆ ಪಗಡೆ ಮತ್ತು ಗಟ್ಟಾಮನಿ. ಇಂಡಿಗೆ ಮಾತ್ರ ಇಸ್ಪೀಟು. ಇಂಡಿಯ ಹೆಸರು ಹೇಳುವಾಗ ಅವರ ದನಿ ಸ್ವಲ್ಪ ಇಳಿಯುತ್ತದೆ. ಅದರ ಕಾರಣ ಕೊನೆಗೆ ಬರುತ್ತದೆ.

ಬಸ್ಸಿನ ಬಾಗಿಲಲ್ಲಿ ನಿಂತವನಿಗೆ ಊರು ಕಾಣುವ ರೀತಿಯೇ ಬೇರೆ. ಊರ ಮುಂದಿನ ಕಟ್ಟೆ, ಕಟ್ಟೆಯ ಮೇಲೆ ಬಗ್ಗಿ ಕೂತ ನಾಲ್ಕು ತಲೆ, ನಡುವೆ ಸುಣ್ಣದ ಕಡ್ಡಿಯ ಗೆರೆ. ಯಾರ ಕಾಯಿ ಮುಂದಿದೆ ಎಂದು ಇಣುಕುವಷ್ಟರಲ್ಲಿ ‘ರೈಟ್’ ಹೇಳಬೇಕು, ಬಸ್ಸು ಹೊರಡಬೇಕು. ಸಾವಿರಾರು ಆಟಗಳನ್ನು ಅವರು ನೋಡಿದ್ದಾರೆ. ಒಂದರ ಕೊನೆಯನ್ನೂ ನೋಡಿಲ್ಲ. ‘ನೌಕರಿ ಮುಗದ ಮ್ಯಾಲೆ ಎಲ್ಲಾ ಕಟ್ಟಿಗೂ ಹೋಲ್ಡಾನ್ ಹೊಡೀತೀನಿ’ ಎಂದು ಡ್ರೈವರ್ ಗೆಳೆಯರಿಗೆ ಹೇಳುತ್ತಿದ್ದರಂತೆ. ಹೇಳಿದಂತೆ ಮಾಡಿದರು. 2024ರ ಯುಗಾದಿಯಿಂದ 2025ರ ಯುಗಾದಿಯವರೆಗೆ ಒಂದು ಇಡೀ ವರ್ಷ ಹೆಗಲಿಗೆ ಚೀಲ ಹಾಕಿಕೊಂಡು, ತಾವೇ ಟಿಕೆಟ್ ತೆಗೆಸಿಕೊಂಡು ತಿರುಗಿದರು. ಚೀಲದಲ್ಲಿ ಒಂದು ಪಗಡೆ ಹಾಸು, ಆರು ಕವಡೆ, ಒಂದು ಹಿಡಿ ಹುಣಸೆಬೀಜ, ಸುಣ್ಣದ ಕಡ್ಡಿ, ಕನ್ನಡಕ, ಬುತ್ತಿ ಗಂಟು, ಜೊತೆಗೆ ಒಂದು ನೋಟು ಪುಸ್ತಕ. ನೋಟು ಪುಸ್ತಕದಲ್ಲಿ ಗೆರೆ ಹೊಡೆದಿದ್ದು ವೇಬಿಲ್ಲಿನ ಮಾದರಿಯಲ್ಲಿ: ತಾರೀಖು, ಊರು, ಆಟ, ಎದುರಾಳಿ, ಫಲ. ‘ಫಲ’ದ ಕಾಲಮಿನಲ್ಲಿ ‘ಸೋಲು’ ಎಂಬ ಮಾತೇ ಹೆಚ್ಚು.

ಈಚಿನ ವರ್ಷಗಳಲ್ಲಿ ಈ ನಾಲ್ಕು ತಾಲ್ಲೂಕುಗಳು ಒಡೆದು ಚಡಚಣ, ಆಲಮೇಲ, ದೇವರ ಹಿಪ್ಪರಗಿ, ತಾಳಿಕೋಟೆ, ನಿಡಗುಂದಿ, ಕೊಲ್ಹಾರ ಎಂಬ ಹೊಸ ತಾಲ್ಲೂಕುಗಳಾಗಿವೆ. ಕಂಡಕ್ಟರರ ಪುಸ್ತಕದಲ್ಲಿ ಇನ್ನೂ ನಾಲ್ಕೇ. ಹಳೆಯ ರೂಟು ಅಷ್ಟು ಬೇಗ ಮರೆಯುವುದಿಲ್ಲ.

ಬೇಸಿಗೆಯ ಹುಲಿ

ಚೈತ್ರ-ವೈಶಾಖದಲ್ಲಿ ಸಿಂದಗಿ ಸೀಮೆಯ ಹೊಲ ಬರಿದು. ರಾಶಿ ಮುಗಿದಿರುತ್ತದೆ, ಮಳೆ ದೂರವಿರುತ್ತದೆ. ಹನ್ನೊಂದು ಗಂಟೆಯ ಮೇಲೆ ಮನುಷ್ಯ, ದನ, ನಾಯಿ ಮೂವರೂ ಬೇವಿನ ಮರದ ನೆರಳಿಗೆ ಸೇರುತ್ತಾರೆ. ಹುಲಿ-ಕುರಿ ಆಟ ಆ ನೆರಳಿನದು. ದೇವರ ಹಿಪ್ಪರಗಿ ಕಡೆಯ ಒಂದು ಹಳ್ಳಿಯಲ್ಲಿ ಗುಡಿಯ ಮುಂದಿನ ಹಾಸುಗಲ್ಲಿನ ಮೇಲೆಯೇ ಇದರ ಮನೆ ಕೊರೆದಿದೆ. ಯಾವ ಕಾಲದಲ್ಲಿ ಯಾರು ಕೊರೆದರೆಂದು ಊರವರಿಗೆ ಗೊತ್ತಿಲ್ಲ. ‘ಗುಡಿ ಕಟ್ಟಿದವ್ರು ಮಧ್ಯಾಹ್ನ ಏನ್ ಮಾಡಬೇಕಿತ್ರಿ?’ ಎಂದು ಒಬ್ಬ ಕುರಿಗಾರ ಅಜ್ಜ ಮರುಪ್ರಶ್ನೆ ಹಾಕಿದರು.

ಆ ಮರುಪ್ರಶ್ನೆ ತೀರ ಹುಡುಗಾಟದ್ದಲ್ಲ. ಹಂಪಿಯ ಮಂಟಪಗಳ, ಬಂಡೆಗಳ ಮೇಲೆ ಇಂಥ ಆಟದ ಗೆರೆಗಳು ಬೇಕಾದಷ್ಟು ಇವೆ. ಜಾನ್ ಫ್ರಿಟ್ಜ್ ಮತ್ತು ಡೇವಿಡ್ ಗಿಬ್ಸನ್ ಎಂಬ ಸಂಶೋಧಕರು ಅವುಗಳನ್ನು ಹುಡುಕಿ, ಗುರುತಿಸಿ, 2007ರಲ್ಲಿ ಒಂದು ವರದಿಯನ್ನೇ ಪ್ರಕಟಿಸಿದ್ದಾರೆ. ಸಾಮ್ರಾಜ್ಯ ಹೋಯಿತು, ಕುರಿ-ಹುಲಿಯ ಗೆರೆ ಉಳಿಯಿತು.

ಆಟ ಗೊತ್ತಿಲ್ಲದವರಿಗೆ ಎರಡು ಮಾತು. ಒಂದು ತ್ರಿಕೋನ, ಅದರ ತುದಿಯಿಂದ ಇಳಿಯುವ ಗೆರೆಗಳು, ಅವನ್ನು ಕತ್ತರಿಸುವ ಅಡ್ಡಗೆರೆಗಳು. ಗೆರೆ ಗೆರೆ ಕೂಡುವ ಜಾಗಗಳು ಒಟ್ಟು 23. ಒಬ್ಬನಿಗೆ 3 ಹುಲಿ, ಇನ್ನೊಬ್ಬನಿಗೆ 15 ಕುರಿ. ಕುರಿಗಳನ್ನು ಒಂದೊಂದಾಗಿ ಇಡಬೇಕು. ಎಲ್ಲ ಇಟ್ಟು ಮುಗಿಯುವ ತನಕ ಅವು ಅಲುಗುವಂತಿಲ್ಲ. ಹುಲಿ ಮಾತ್ರ ಮೊದಲಿನಿಂದಲೇ ಅಡ್ಡಾಡುತ್ತದೆ. ಕುರಿಯ ಆಚೆಯ ಜಾಗ ಖಾಲಿ ಇದ್ದರೆ ಅದರ ಮೇಲಿಂದ ಹಾರಿ ಅದನ್ನು ತಿನ್ನುತ್ತದೆ. ಕುರಿಗಳು ತಿನ್ನಲು ಬಾರದವು. ಅವು ಹುಲಿಯನ್ನು ಅಲುಗದಂತೆ ಕಟ್ಟಿಹಾಕಬೇಕು. ನೇಪಾಳದವರ ಇಂಥದೇ ಆಟದಲ್ಲಿ 4 ಹುಲಿ, 20 ಆಡು. ಯುರೋಪಿನಲ್ಲಿ ನರಿ ಮತ್ತು ಬಾತುಗಳ ಆಟವಿದೆ. ಬಲ ಒಂದು ಕಡೆ, ಸಂಖ್ಯೆ ಒಂದು ಕಡೆ ಇರುವ ಜಗಳ ಎಲ್ಲ ದೇಶದಲ್ಲೂ ಇದ್ದದ್ದೇ.

ಕಂಡಕ್ಟರರು ಹುಲಿ ಹಿಡಿದು ಅಜ್ಜನ ಎದುರು ಕೂತರು. ಹುಲಿ ಹಿಡಿದವನೇ ಗೆಲ್ಲುವುದು ಎಂಬುದು ಅವರ ತಿಳಿವಳಿಕೆಯಾಗಿತ್ತು. ಅಜ್ಜ ಮೊದಲ ಐದು ಕುರಿಗಳನ್ನು ಅಂಚಿನಲ್ಲಿ ಇಟ್ಟರು. ಅಂಚಿನ ಕುರಿಯ ಆಚೆ ಹಾರಲು ಜಾಗವೇ ಇರುವುದಿಲ್ಲ. ಆಮೇಲಿನವನ್ನು ಅವುಗಳ ಬೆನ್ನಿಗೆ ಬೆನ್ನು ಹಚ್ಚಿ ಇಡುತ್ತ ಬಂದರು. ಮುಕ್ಕಾಲು ತಾಸಿನಲ್ಲಿ ಮೂರು ಹುಲಿಗಳೂ ಮೂಲೆ ಸೇರಿದವು. ಸತ್ತ ಕುರಿ ಎರಡೇ. ‘ಕುರಿ ಒಂಟಿಯಾದ್ರ ಹುಲಿಗಿ ನೀವ ಉಣಿಸಿದಂಗ’ ಎಂದು ಅಜ್ಜ ಬೀಡಿ ಹಚ್ಚಿದರು. ಜೀವಮಾನವೆಲ್ಲ ನಿಜವಾದ ಕುರಿ ಕಾದವರು ಅವರು. ಅವರಿಗೆ ಈ ಆಟ ಕಾಲಹರಣವಲ್ಲ, ಕಸುಬಿನ ಮುಂದುವರಿಕೆ. ‘ಸೋಲು’ ಎಂದು ಬರೆದುಕೊಂಡ ಕಂಡಕ್ಟರರು ಮುಂದೆ ಸಣ್ಣ ಅಕ್ಷರದಲ್ಲಿ ‘ಕುರಿ ಹಿಡಿಯುವುದನ್ನು ಕಲಿಯಬೇಕು’ ಎಂದು ಸೇರಿಸಿದ್ದಾರೆ.

ಮಳೆ ಬಂದಾಗ ಅಳಗುಳಿ

ಕಾರಹುಣ್ಣಿಮೆ ದಾಟಿತು. ಮೋಡ ಕಟ್ಟಿತು. ಆಟ ಕಟ್ಟೆಯಿಂದ ಎದ್ದು ಮನೆಯೊಳಗೆ ಬಂತು. ಮುದ್ದೇಬಿಹಾಳದ ಹಾದಿ ಹಿಡಿದ ಕಂಡಕ್ಟರರು ತಾಳಿಕೋಟೆ ಸುತ್ತಿನಲ್ಲಿ ಹತ್ತು ದಿನ ಉಳಿದರು. ಡೋಣಿ ನದಿಯ ಊರು ಇದು. ಡೋಣಿ ಬೆಳೆದರೆ ಓಣೆಲ್ಲ ಜೋಳ ಎಂಬ ಮಾತು ಹುಟ್ಟಿದ ನೆಲ. ಆಷಾಢದಲ್ಲಿ ಆ ಎರೆ ಮಣ್ಣು ನೆನೆದರೆ ಚಪ್ಪಲಿ ಕೈಗೆ ಬರುತ್ತದೆ, ಕಾಲು ಅಲ್ಲೇ ಉಳಿಯುತ್ತದೆ.

ಅಳಗುಳಿ ಹೆಣ್ಣುಮಕ್ಕಳ ಆಟ ಎಂದು ಗಂಡಸರು ಹೇಳುತ್ತಾರೆ. ಸೋಲುವ ಭಯ ಇರಬೇಕು. ಎರಡು ಸಾಲು, ಸಾಲಿಗೆ ಏಳು ಗುಳಿ, ಗುಳಿಗೆ ಐದು ಬೀಜದಂತೆ 70 ಬೀಜ. ಒಂದು ಗುಳಿಯ ಬೀಜ ಎತ್ತಿ ಮುಂದಿನ ಗುಳಿಗಳಿಗೆ ಒಂದೊಂದು ಹಾಕುತ್ತ ಹೋಗಬೇಕು. ಮುಗಿದ ಕೂಡಲೆ ಅದರ ಮುಂದಿನ ಗುಳಿಯದನ್ನು ಎತ್ತಿ ಮತ್ತೆ ಬಿತ್ತಬೇಕು. ಖಾಲಿ ಗುಳಿ ಎದುರಾದರೆ ಅದರಾಚೆಯ ಗುಳಿಯಲ್ಲಿರುವುದೆಲ್ಲ ನಿಮ್ಮ ಪಾಲು. ನಡುವೆ ಯಾವುದೇ ಗುಳಿಯಲ್ಲಿ ನಾಲ್ಕು ಬೀಜ ಕೂಡಿದರೆ ಆ ಗುಳಿಯ ಒಡತಿ ಎತ್ತಿಕೊಳ್ಳುತ್ತಾಳೆ. ಇಲ್ಲಿ ಕವಡೆ ಇಲ್ಲ, ದಾಳ ಇಲ್ಲ, ಅದೃಷ್ಟ ಎಂಬುದೇ ಇಲ್ಲ. ಎಲ್ಲ ಕಣ್ಣೆದುರೇ ಇದೆ; ಎಣಿಸಬಲ್ಲವರಿಗೆ ಮಾತ್ರ ಕಾಣುತ್ತದೆ. ಇದರ ಬಂಧುಗಳು ಆಫ್ರಿಕಾದಿಂದ ಇಂಡೋನೇಷ್ಯಾದವರೆಗೆ ಹಬ್ಬಿವೆ.

ಕಂಡಕ್ಟರರನ್ನು ಅಲ್ಲಿ ಸೋಲಿಸಿದವಳು ಆರನೆಯ ಇಯತ್ತೆ ಓದುವ ಹುಡುಗಿ. ಕಲಿಸಿದವರು ಅವಳ ಅಜ್ಜಿ, ಎರಡೂ ಕಣ್ಣಿಗೆ ಪೊರೆ ಬಂದವರು. ಅಜ್ಜಿ ಗುಳಿಯೊಳಗೆ ಬೆರಳಾಡಿಸಿ ಬೀಜ ಎಣಿಸುತ್ತಿದ್ದರು. ಮೂರು ಸುತ್ತು ಮುಂದಿನದು ಅವರಿಗೆ ಬೆರಳ ತುದಿಯಲ್ಲಿ ಕಾಣುತ್ತಿತ್ತು. ‘ಕಾಕಾ, ಅದನ್ನ ಎತ್ತಬ್ಯಾಡ್ರಿ, ಅದು ನನಗ ಬರ್ತೈತಿ’ ಎಂದು ಹುಡುಗಿ ಕನಿಕರದಿಂದ ಎಚ್ಚರಿಸುತ್ತಿದ್ದಳು. ಮೊಮ್ಮಗಳು ಲೆಕ್ಕದಲ್ಲಿ ಚುರುಕಾಗಿದ್ದು ಶಾಲೆಯಲ್ಲೋ ಗುಳಿಯಲ್ಲೋ ಎಂಬ ಬಗ್ಗೆ ಮನೆಯಲ್ಲಿ ಎರಡು ಅಭಿಪ್ರಾಯಗಳಿದ್ದವು.

ಈ ಸೀಮೆಯಲ್ಲಿ ಆಟ ಉಳಿದದ್ದಕ್ಕೆ ನೆಲದೊಳಗಿನ ಕಾರಣವೂ ಒಂದಿದೆ. ಭೀಮಾ ಕೊಳ್ಳದ ಸುಣ್ಣಕಲ್ಲಿನ ಪದರುಗಳು ತಾಳಿಕೋಟೆಯವರೆಗೆ ಚಾಚಿವೆ. ಶಹಾಬಾದ್ ಕಲ್ಲಿನ ಹಾಗೆ ಹಾಳೆ ಹಾಳೆಯಾಗಿ ಏಳುವ ಕಲ್ಲು. ಮನೆಯ ಪಡಸಾಲೆಗೆ, ಗುಡಿಯ ಅಂಗಳಕ್ಕೆ ಅದೇ ಪರಸಿ. ಮೊಳೆಯಿಂದ ಗೀರಿದರೆ ಗೆರೆ ನಿಲ್ಲುವಷ್ಟು ಮೆತ್ತಗೆ, ನೂರು ವರ್ಷ ತುಳಿದರೂ ಸವೆಯದಷ್ಟು ಗಟ್ಟಿ. ಹೀಗಾಗಿ ಹಳೆಯ ಮನೆಗಳ ಪಡಸಾಲೆಯಲ್ಲಿ ಎಲ್ಲೋ ಒಂದು ಮೂಲೆಯಲ್ಲಿ ಗಟ್ಟಾಮನಿಯದೋ ಸಾಲುಮನೆಯದೋ ಗೆರೆ ಸಿಕ್ಕೇ ಸಿಗುತ್ತದೆ. ಈಗ ಆ ಪರಸಿಯ ಮೇಲೆ ಹೊಳೆಯುವ ಟೈಲ್ಸ್ ಬರುತ್ತಿವೆ. ಟೈಲ್ಸಿನ ಮೇಲೆ ಸುಣ್ಣದ ಕಡ್ಡಿ ಜಾರುತ್ತದೆ. ಮೊಳೆ ಹಿಡಿದರೆ ಮನೆಯವರು ಬೈಯುತ್ತಾರೆ. ಟಿ.ವಿ. ಬಂದು ಆಟ ಹೋಯಿತು ಎಂದು ಎಲ್ಲರೂ ಹೇಳುತ್ತಾರೆ. ಟಿ.ವಿ.ಗಿಂತ ಮೊದಲು ನೆಲ ಹೋಯಿತು ಎಂಬುದು ಕಂಡಕ್ಟರರ ವಾದ.

ಶ್ರಾವಣದ ಕವಡೆ

ಶ್ರಾವಣಕ್ಕೆ ಬಸವನ ಬಾಗೇವಾಡಿ. ಮೂಲ ನಂದೀಶ್ವರನ ಗುಡಿಗೆ ಜನ ಕಿಕ್ಕಿರಿಯುವ ತಿಂಗಳು. ಜಾತ್ರೆಯ ಗದ್ದಲದಿಂದ ತುಸು ದೂರ ಒಂದು ಅಂಗಡಿಯ ಮಾಳಿಗೆಯಲ್ಲಿ ಪಗಡೆ ನಡೆದಿತ್ತು. ಬಟ್ಟೆಯ ಹಾಸಿನ ಮೇಲೆ ನಾಲ್ಕು ರೆಕ್ಕೆ, ರೆಕ್ಕೆಗೆ 24ರಂತೆ 96 ಮನೆ, ನಾಲ್ಕು ಬಣ್ಣದ 16 ಕಾಯಿ. ಉದ್ದನೆಯ ದಾಳಗಳು ಅಂಗೈಯಲ್ಲಿ ಉಜ್ಜಿಕೊಂಡು ಉರುಳುವ ಸಪ್ಪಳ. ಆಡುವವರು ನಾಲ್ವರು, ಹೇಳಿಕೊಡುವವರು ನಲವತ್ತು.

ಪಗಡೆಗೆ ಇರುವಷ್ಟು ದೊಡ್ಡ ಮನೆತನ ಮತ್ತಾವ ಆಟಕ್ಕೂ ಇಲ್ಲ. ಎಲ್ಲೋರದ 21ನೆಯ ಗುಹೆಯಲ್ಲಿ ಶಿವ-ಪಾರ್ವತಿಯರೇ ಕೂತು ಆಡುತ್ತಿದ್ದಾರೆ. ಫತೇಪುರ ಸಿಕ್ರಿಯ ಅರಮನೆಯ ಅಂಗಳದಲ್ಲಿ ಇದರ ಬಂಧುವಾದ ಪಚೀಸಿಯ ಹಾಸನ್ನು ಕಲ್ಲಿನಲ್ಲೇ ಹಾಕಿಸಿದ್ದಾರೆ. ಇಂಗ್ಲಿಷರು ಅದನ್ನೇ ಚಿಕ್ಕದು ಮಾಡಿ, ದಾಳ ಬದಲಿಸಿ, 1896ರಲ್ಲಿ ‘ಲೂಡೊ’ ಎಂದು ಪೇಟೆಂಟ್ ಪಡೆದು ನಮಗೇ ಮಾರಿದರು. 2016ರಲ್ಲಿ ‘ಲೂಡೊ ಕಿಂಗ್’ ಆಗಿ ಅದು ಮೊಬೈಲಿಗೂ ಇಳಿಯಿತು. ಇಷ್ಟು ದೊಡ್ಡ ಮನೆತನದ ಆಟವನ್ನು ಮನೆಯೊಳಗೆ ಆಡಬಾರದು ಎಂಬ ನಂಬಿಕೆಯೂ ಇದೆ. ಧರ್ಮರಾಯನ ಕಥೆ ಕೇಳಿ ಬೆಳೆದ ಹಿರಿಯರು ಹಾಸನ್ನು ಅಂಗಡಿಗೆ, ಗುಡಿಗೆ, ಕಟ್ಟೆಗೆ ಕಳಿಸಿದರು. ಬಾಗೇವಾಡಿಯ ಮಾಳಿಗೆಯಲ್ಲಿ ಕಂಡಕ್ಟರರು ಆ ವರ್ಷದ ಮೊದಲ ‘ಗೆಲುವು’ ಬರೆದರು. ಜೊತೆಗಾರ ಕಿರಾಣಿ ವ್ಯಾಪಾರಿ ಒಳ್ಳೆಯ ಆಟಗಾರನಾಗಿದ್ದ ಎಂದೂ ಪ್ರಾಮಾಣಿಕವಾಗಿ ಬರೆದಿದ್ದಾರೆ.

ಆದರೆ ಅವರು ಶ್ರಾವಣದಲ್ಲಿ ಇತ್ತ ಬಂದದ್ದು ಪಗಡೆಗಾಗಿ ಅಲ್ಲ, ಅಕ್ಕನಿಗಾಗಿ. ಪಂಚಮಿಗೆ ತವರಿನವರು ಕರೆಯಲು ಬರಬೇಕು. ಈ ಅಕ್ಕ-ತಮ್ಮನಿಗೆ ಕರೆದೊಯ್ಯಲು ತವರು ಎಂಬುದೇ ಇಲ್ಲ. ಆದ್ದರಿಂದ ತಮ್ಮನೇ ಉಂಡಿ ಕಟ್ಟಿಸಿಕೊಂಡು ಅಕ್ಕನಲ್ಲಿಗೆ ಹೋಗುತ್ತಾನೆ. ಅಕ್ಕನ ಮನೆ ನಿಡಗುಂದಿ ಕಡೆಯ ಒಂದು ಪುನರ್ವಸತಿ ಕೇಂದ್ರದಲ್ಲಿದೆ. ಮೊದಲಿನ ಊರು ಕೃಷ್ಣೆಯ ದಂಡೆಯಲ್ಲಿತ್ತು. 1964ರ ಮೇ 22ರಂದು, ಆಗ ಕೇಂದ್ರ ಸಚಿವರಾಗಿದ್ದ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಇಟ್ಟಾಗ ಈ ತಮ್ಮ ಕೂಸು. ಅಣೆಕಟ್ಟು ಎದ್ದು ನೀರು ನಿಲ್ಲುವಷ್ಟರಲ್ಲಿ ಅವರ ಅರ್ಧ ಆಯುಷ್ಯ ಕಳೆದಿತ್ತು. ಈಗ ಜಲಾಶಯ 519.60 ಮೀಟರಿಗೆ ತುಂಬಿದಾಗ ಹಳೆಯ ಊರಿನ ಗುಡಿ, ಓಣಿ, ಬಾವಿ ಎಲ್ಲ ನೀರಡಿ. ಆ ಗುಡಿಯ ಪರಸಿಯ ಮೇಲೆ ಒಂದು ಗಟ್ಟಾಮನಿ ಇತ್ತು.

ಗಟ್ಟಾಮನಿಯನ್ನು ಮೈಸೂರು ಕಡೆಯವರು ಚೌಕಾಬಾರ ಎನ್ನುತ್ತಾರೆ. ಐದೈದರ 25 ಮನೆ. ನಾಲ್ಕು ಬದಿಯ ನಡುಮನೆಗಳಿಗೆ ಮತ್ತು ಮಧ್ಯದ ಮನೆಗೆ ಗುಣಾಕಾರದ ಗೀಟು. ಅಲ್ಲಿ ಕೂತ ಕಾಯನ್ನು ಯಾರೂ ಕಡಿಯುವಂತಿಲ್ಲ. ಹೊರಗಿನ 16 ಮನೆಯ ಸುತ್ತು ಮುಗಿಸಿ, ಒಳಗಿನ 8 ಮನೆಗೆ ತಿರುಗಿ, ಕೊನೆಗೆ ನಡುಮನೆ ಸೇರಬೇಕು. ಒಟ್ಟು 24 ಹೆಜ್ಜೆ. ಎದುರಾಳಿಯ ಒಂದು ಕಾಯನ್ನಾದರೂ ಕಡಿಯದೆ ಒಳಸುತ್ತಿಗೆ ಪ್ರವೇಶವಿಲ್ಲ. ಕಾಯಿಗೆ ಬಳೆಚೂರು ನಡೆಯುತ್ತದೆ, ಹರಳು ನಡೆಯುತ್ತದೆ. ಕವಡೆ ಇಲ್ಲದಿದ್ದರೆ ಹುಣಸೆಬೀಜವನ್ನು ಕಲ್ಲಿಗೆ ತೇಯ್ದು ಒಂದು ಮಗ್ಗುಲು ಬೆಳ್ಳಗೆ ಮಾಡಿಕೊಂಡರಾಯಿತು.

ಕವಡೆಯ ಲೆಕ್ಕವೂ ಸೊಗಸಾಗಿದೆ. ನಾಲ್ಕು ಕವಡೆ ಬೀಳುವ ಬಗೆಗಳು ಒಟ್ಟು 16. ಒಂದು ಮಾತ್ರ ಬಾಯಿ ತೆರೆದು ಬೀಳುವುದು 4 ಬಗೆಯಲ್ಲಿ, ಎರಡು ತೆರೆಯುವುದು 6 ಬಗೆಯಲ್ಲಿ, ಮೂರು ತೆರೆಯುವುದು 4 ಬಗೆಯಲ್ಲಿ. ನಾಲ್ಕೂ ತೆರೆದು ‘ಚೌಕ’ ಬೀಳುವುದು ಒಂದೇ ಬಗೆಯಲ್ಲಿ. ನಾಲ್ಕೂ ಬೋರಲಾಗಿ ಎಂಟು, ಅಂದರೆ ‘ಬಾರ’, ಬೀಳುವುದೂ ಒಂದೇ ಬಗೆಯಲ್ಲಿ. ಎಲ್ಲ ಕೂಡಿಸಿ ಭಾಗಿಸಿದರೆ ಒಂದು ಎಸೆತಕ್ಕೆ ಸರಾಸರಿ ಎರಡೂವರೆ ಹೆಜ್ಜೆ. 24 ಹೆಜ್ಜೆಯ ದಾರಿಗೆ ಹೆಚ್ಚುಕಡಿಮೆ ಹತ್ತು ಎಸೆತ. ಆದರೆ ಇದು ಕವಡೆ ನಾಣ್ಯದಂತೆ ಎರಡೂ ಕಡೆ ಸಮವಾಗಿದ್ದರೆ ಬರುವ ಲೆಕ್ಕ. ಕವಡೆಯ ಒಂದು ಕಡೆ ಗೂನು, ಒಂದು ಕಡೆ ಚಪ್ಪಟೆ. ತೂಕವೂ ಎಲ್ಲ ಕಡೆ ಒಂದೇ ಇರುವುದಿಲ್ಲ. ಮನೆಯಲ್ಲಿ ಕವಡೆ ಇರುವ ಓದುಗರು ನೂರು ಸಲ ಎಸೆದು ಬರೆದಿಟ್ಟು ನೋಡಬಹುದು. ಮಕ್ಕಳಿಗೆ ಸಂಭವನೀಯತೆಯ ಪಾಠಕ್ಕೆ ಇದಕ್ಕಿಂತ ಅಗ್ಗದ ಉಪಕರಣ ಸಿಗದು.

ಅಕ್ಕನಿಗೆ ಈ ಲೆಕ್ಕ ಬೇಕಿಲ್ಲ. ಎಪ್ಪತ್ತು ದಾಟಿದ ಅವರು ಕವಡೆಯನ್ನು ಅಂಗೈಯಲ್ಲಿ ಕುಲುಕಿ, ಎರಡು ಎಂದರೆ ಎರಡೇ ಬೀಳಿಸುತ್ತಾರೆ ಎಂದು ತಮ್ಮನ ದೂರು. ಸೊಸೆ ಒರೆಸಿ ಥಳಥಳಿಸಿದ ಟೈಲ್ಸಿನ ಮೇಲೆ ಗೆರೆ ನಿಲ್ಲದೆ, ಹಳೆಯ ಕ್ಯಾಲೆಂಡರಿನ ಬೆನ್ನಿಗೆ ಮನೆ ಬರೆದರು. ಆಡುತ್ತ ಆಡುತ್ತ ಅಕ್ಕ ಬಾಗಿಲಾಚೆ ದೂರಕ್ಕೆ ಹೊಳೆಯುವ ಹಿನ್ನೀರಿನ ಕಡೆ ಕೈ ಮಾಡಿದರು. ‘ಅವ್ವನ ಗಟ್ಟಾಮನಿ ಅಲ್ಲೈತಿ ನೋಡೋ ತಮ್ಮಾ. ಈಗ ಮೀನ ಆಡತಾವು.’

ಇಂಡಿಯ ಎರಡು ಎಕರೆ

ಅವ್ವ ಗಟ್ಟಾಮನಿ ಕಲಿಸಿದ್ದಕ್ಕೆ ಕಾರಣವಿತ್ತು. ಮೂಲದಲ್ಲಿ ಇವರು ಇಂಡಿ ತಾಲ್ಲೂಕಿನವರು. 1972ರ ಬರಕ್ಕೆ ಮುಂಚಿನ ದೀಪಾವಳಿ. ಪಾಡ್ಯದ ರಾತ್ರಿ ಇಸ್ಪೀಟು ಆಡದಿದ್ದರೆ ಮುಂದಿನ ಜನ್ಮದಲ್ಲಿ ಕತ್ತೆಯಾಗಿ ಹುಟ್ಟುತ್ತಾರೆ ಎಂಬ ಹಾಸ್ಯದ ಮಾತು ಹಲವು ಊರುಗಳಲ್ಲಿದೆ. ಅಪ್ಪ ಕತ್ತೆಯಾಗಲು ಒಪ್ಪಲಿಲ್ಲ. ಬೆಳಗಾಗುವಷ್ಟರಲ್ಲಿ ಎರಡು ಎಕರೆ ಎರೆ ಹೊಲ ಇನ್ನೊಬ್ಬರದಾಗಿತ್ತು. ಅವ್ವ ಆ ಎಲೆಗಳನ್ನು ಒಲೆಗೆ ಹಾಕಿ, ಇಬ್ಬರು ಮಕ್ಕಳನ್ನು ಕರೆದುಕೊಂಡು ಕೃಷ್ಣೆಯ ದಂಡೆಯ ತನ್ನ ತವರಿಗೆ ಬಂದರು. ಅಪ್ಪ ಹಿಂದಿನಿಂದ ಬಂದರು. ಮತ್ತೆ ಎಲೆ ಮುಟ್ಟಲಿಲ್ಲ, ಹೆಚ್ಚು ಮಾತನ್ನೂ ಆಡಲಿಲ್ಲ. ಮಗ ಆಟ ಕೇಳಿದಾಗ ಅವ್ವ ಗುಡಿಯ ಪರಸಿಯ ಮೇಲೆ ಬಳೆಚೂರು ಇಟ್ಟು, ‘ಇದನ್ನ ಆಡು, ಇದರಾಗ ಹೊಲ ಹೋಗೂದಿಲ್ಲ’ ಎಂದಿದ್ದರು.

ಅಂದಿನಿಂದ ಅರವತ್ತು ತುಂಬುವವರೆಗೆ ಕಂಡಕ್ಟರರು ಇಸ್ಪೀಟು ಎಲೆ ಮುಟ್ಟಿರಲಿಲ್ಲ. ಅವರ ಭಯ ತಪ್ಪೆನ್ನುವಂತೆಯೂ ಇಲ್ಲ. ಪತ್ರಿಕೆಗಳಲ್ಲಿ ಇಸ್ಪೀಟಿನ ಸುದ್ದಿ ಬರುವುದೇ ‘ಅಂದರ್-ಬಾಹರ್: ಬಂಧನ’ ಎಂಬ ತಲೆಬರಹದಡಿ. 1963ರ ಕರ್ನಾಟಕ ಪೊಲೀಸ್ ಕಾಯ್ದೆ ಜೂಜನ್ನು ಶಿಕ್ಷಾರ್ಹ ಮಾಡಿದೆ. ಅದೇ ಹೊತ್ತಿಗೆ, ರಮ್ಮಿಯಲ್ಲಿ ಅದೃಷ್ಟಕ್ಕಿಂತ ಜಾಣ್ಮೆ ಮುಖ್ಯ ಎಂದು ಸುಪ್ರೀಂ ಕೋರ್ಟ್ 1967ರಲ್ಲೇ ಹೇಳಿದೆ. ಎಲೆ ಅದೇ, ಕೈ ಅದೇ. ನಡುವೆ ಇಟ್ಟ ದುಡ್ಡೇ ಬೇರೆ ಮಾಡುತ್ತದೆ. ಈಚೆಗೆ ದುಡ್ಡು ಇಡಲು ಕಟ್ಟೆಯೂ ಬೇಕಿರಲಿಲ್ಲ. ಮೊಬೈಲಿನಲ್ಲೇ ರಮ್ಮಿ ಬಂದು ಎಷ್ಟೋ ಮನೆಗಳ ಸಂಬಳ ನುಂಗಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆ ಮಾಡಿತು. ಕಂಡಕ್ಟರರ ಅವ್ವ ಅದನ್ನು ಐವತ್ತು ವರ್ಷ ಮೊದಲೇ ಒಲೆಯ ಮುಂದೆ ಮಾಡಿದ್ದರು.

2024ರ ದೀಪಾವಳಿಗೆ ಅವರು ಇಂಡಿಗೆ ಹೊರಟರು. ವಿಜಯಪುರದಿಂದ ಸುಮಾರು 55 ಕಿಲೋಮೀಟರ್. ಇದೇ ರೂಟಿನಲ್ಲಿ ಎಷ್ಟೋ ವರ್ಷ ಓಡಾಡಿಯೂ ಆ ಹಳ್ಳಿಯಲ್ಲಿ ಇಳಿದಿರಲಿಲ್ಲ. ಇಳಿದು ನೋಡಿದರೆ ಅಪ್ಪನ ಹೊಲ ಗುರುತು ಸಿಗಲಿಲ್ಲ. ಎರಡು ಎಕರೆಯಲ್ಲೂ ಲಿಂಬೆ. 2023ರಲ್ಲಿ ಭೌಗೋಳಿಕ ಗುರುತು ಪಡೆದ ಇಂಡಿಯ ಲಿಂಬೆ. ಗಿಡದ ತುಂಬ ಹಳದಿ, ನೆಲದ ತುಂಬ ಪರಿಮಳ. ಬಾವಿಯ ದಂಡೆಯಲ್ಲಿ ನಾಲ್ಕೈದು ಜನ ಎಲೆ ಹಾಕಿಕೊಂಡು ಕೂತಿದ್ದರು. ಅವರಲ್ಲೊಬ್ಬ ತೋಟದ ಮಾಲೀಕ, ಅಂದು ಹೊಲ ಗೆದ್ದವನ ಮಗ. ಇವರಿಗಿಂತ ಎರಡು ವರ್ಷ ಚಿಕ್ಕವ.

ಇವರು ಯಾರೆಂದು ಹೇಳಿದಾಗ ಆತ ಎಲೆ ಕೆಳಗಿಟ್ಟ. ‘ಬರ್ರಿ ಅಣ್ಣಾರ, ಕುಂಡರ್ರಿ’ ಎಂದು ತಾನು ಕೂತಿದ್ದ ಗೋಣಿಚೀಲ ಸರಿಸಿದ. ಚಹಾ ಬಂತು. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಕೊನೆಗೆ ಆತನೇ ಹೇಳಿದ: ‘ನಮ್ಮಪ್ಪನೂ ಆ ರಾತ್ರಿ ಆದ ಮ್ಯಾಲ ಆಡಲಿಲ್ರಿ. ನಾವ್ ಇಲ್ಲಿ ರೊಕ್ಕ ಹಚ್ಚೂದಿಲ್ಲ. ಬರೇ ಮೆಂಡಿಕೋಟ.’

ಮೆಂಡಿಕೋಟ ಸೊಲ್ಲಾಪುರ ಕಡೆಯ ಗಾಳಿ ಬೀಸುವ ಊರುಗಳ ಆಟ. ನಾಲ್ವರು, ಎದುರು ಬದುರು ಕೂತವರು ಜೊತೆಗಾರರು, ತಲೆಗೆ 13 ಎಲೆ. ಹತ್ತರ ಎಲೆಗೆ ಮೆಂಡಿ ಎಂದು ಹೆಸರು. ನಾಲ್ಕು ಮೆಂಡಿಯಲ್ಲಿ ಮೂರು ಹಿಡಿದ ಜೋಡಿ ಗೆದ್ದಿತು. ಎರಡೆರಡಾದರೆ ಏಳು ಪಟ್ಟು ಹಿಡಿದವರು ಗೆದ್ದರು. ನಾಲ್ಕೂ ಹಿಡಿದರೆ ಮೆಂಡಿಕೋಟ. ಯಾರ ಕೈಯಲ್ಲಾದರೂ ಬಿದ್ದ ಬಣ್ಣದ ಎಲೆ ಇಲ್ಲದಾಗ ಆತ ಇಳಿಸುವ ಎಲೆಯ ಬಣ್ಣವೇ ಹುಕುಂ. ರಾಜ, ರಾಣಿ, ಎಕ್ಕಾಗಳಿಗೆ ಇಲ್ಲಿ ಅಧಿಕಾರವಿದೆ, ಬೆಲೆಯಿಲ್ಲ. ಬೆಲೆಯೆಲ್ಲ ಹತ್ತಕ್ಕೆ. ಹತ್ತನ್ನು ಕಾಯಬೇಕಾದರೆ ಜೊತೆಗಾರನ ಮನಸ್ಸು ಮಾತಿಲ್ಲದೆ ತಿಳಿಯಬೇಕು. ಈ ಆಟದ ಸವಿಯೆಲ್ಲ ಅಲ್ಲಿದೆ.

ಚೀಟಿ ಎತ್ತಿದಾಗ ಕಂಡಕ್ಟರರಿಗೆ ಜೊತೆಯಾಗಿ ಬಂದವನು ತೋಟದ ಮಾಲೀಕನೇ. ಮೊದಲ ಸುತ್ತಿನಲ್ಲಿ ಇವರ ಕೈ ನಡುಗಿ ಎರಡು ಎಲೆ ಒಟ್ಟಿಗೆ ಬಿದ್ದವು. ಯಾರೂ ನಗಲಿಲ್ಲ. ಮೂರನೆಯ ಸುತ್ತಿನಲ್ಲಿ ಬದಾಮದ ಹತ್ತನ್ನು ಇವರು ಕಣ್ಣು ಮುಚ್ಚಿ ಇಳಿಸಿದರು. ಎದುರಿನಿಂದ ಎಕ್ಕಾ ಬಿದ್ದು ಅದನ್ನು ಕಾಯಿತು. ಸಂಜೆಯ ತನಕ ಆಡಿದರು. ಪುಸ್ತಕದಲ್ಲಿ ಆ ದಿನದ ಎದುರಾಳಿಗಳ ಹೆಸರಿದೆ, ಆಟದ ಹೆಸರಿದೆ. ಫಲದ ಕಾಲಮು ಖಾಲಿ. ಹೊರಡುವಾಗ ಆತ ಚೀಲದ ತುಂಬ ಲಿಂಬೆ ತುಂಬಿಕೊಟ್ಟ. ಇವರು ದುಡ್ಡು ತೆಗೆಯಲಿಲ್ಲ, ಆತ ಕೇಳಲಿಲ್ಲ.

ಎದುರಿಗೊಬ್ಬರು

ಇದೇ ಇಂಡಿ ಸೀಮೆಯ ಹಲಸಂಗಿಯ ಗೆಳೆಯರು ಬೀಸುವ ಕಲ್ಲಿನ ಮುಂದೆ ಕೂತವರ ಹಾಡುಗಳನ್ನು ಬರೆದುಕೊಂಡು 1931ರಲ್ಲಿ ‘ಗರತಿಯ ಹಾಡು’ ತಂದರು. ಹಾಡುವವರು ಹೋದರೂ ಹಾಡು ಉಳಿಯಿತು. ಆಟಕ್ಕೂ ಹಾಗೆ ಮಾಡಬಹುದೆ? ಮುಮ್ಮಡಿ ಕೃಷ್ಣರಾಜ ಒಡೆಯರು ಮೈಸೂರಿನಲ್ಲಿ ಆಟಗಳನ್ನು ಅಕ್ಕರೆಯಿಂದ ಬರೆಸಿಟ್ಟರು. ಅದೇ ಮೈಸೂರಿನ ರಾಮ್ಸನ್ಸ್ ಕಲಾ ಪ್ರತಿಷ್ಠಾನ ಹಳೆಯ ಆಟದ ಮಣೆ, ಹಾಸುಗಳನ್ನು ಹೊಸದಾಗಿ ಮಾಡಿಸಿ ಪ್ರದರ್ಶನ ನಡೆಸುತ್ತ ಬಂದಿದೆ. ಒಳ್ಳೆಯ ಕೆಲಸ. ಆದರೆ ಹಾಡನ್ನು ಒಬ್ಬರೇ ಓದಬಹುದು. ಗೆರೆ, ಕವಡೆ, ನಿಯಮ ಎಲ್ಲ ಉಳಿದರೂ ಆಟ ಉಳಿಯಬೇಕಾದರೆ ಎದುರಿಗೆ ಇನ್ನೊಬ್ಬರು ಕೂತಿರಬೇಕು.

ವರ್ಷದ ಕೊನೆಗೆ ಕಂಡಕ್ಟರರು ತಮ್ಮ ಮೆಚ್ಚಿನ ಐದು ಆಟಗಳ ಪಟ್ಟಿ ಮಾಡಿದ್ದಾರೆ. ಐದನೆಯದು ಪಗಡೆ, ಗೆದ್ದ ಆಟ ಅಷ್ಟಾಗಿ ನೆನಪಿರುವುದಿಲ್ಲವಂತೆ. ನಾಲ್ಕನೆಯದು ಹುಲಿ-ಕುರಿ, ಕುರಿಗಾರ ಅಜ್ಜನಿಗಾಗಿ. ಮೂರನೆಯದು ಅಳಗುಳಿ, ಆರನೆಯ ಇಯತ್ತೆಯ ಹುಡುಗಿಗಾಗಿ. ಎರಡನೆಯದು ಮೆಂಡಿಕೋಟ. ಮೊದಲನೆಯದು ಗಟ್ಟಾಮನಿ.

ಇಂಡಿಯಿಂದ ಅವರು ನೇರ ಅಕ್ಕನ ಮನೆಗೆ ಹೋಗಿದ್ದರು. ಲಿಂಬೆಯ ಚೀಲ ಪಡಸಾಲೆಯಲ್ಲಿ ಇಳಿಸಿದರು. ಅಕ್ಕ ಒಂದು ಹಣ್ಣು ಎತ್ತಿ ಮೂಸಿ, ‘ಛಲೋ ಅದಾವು. ಯಾವ ಹೊಲದ್ದೂ?’ ಎಂದು ಕೇಳಿದರು.

‘ಇಂಡಿ ಕಡೀವು’ ಎಂದರು ತಮ್ಮ.

ಅಕ್ಕ ಹಣ್ಣನ್ನು ಅಂಗೈಯಲ್ಲಿ ಸ್ವಲ್ಪ ಹೊತ್ತು ಹಿಡಿದುಕೊಂಡೇ ಇದ್ದರು. ಮತ್ತೆ ಅದನ್ನು ಕ್ಯಾಲೆಂಡರಿನ ಗಟ್ಟಾಮನಿಯ ಪಕ್ಕಕ್ಕೆ, ಗಾಳಿಗೆ ಹಾಳೆ ಏಳದಂತೆ ಇಟ್ಟು, ಕವಡೆಗಳನ್ನು ತಮ್ಮನ ಕಡೆ ದೂಡಿದರು.

‘ಆಡು. ನಿಂದ ಪಾಳಿ.’